ಬೀಚ್ ಬಿಟ್ಟು ಪಣಜಿ: ಹುಬ್ಬಳ್ಳಿಯಿಂದ ಹೋಗಿ ಒಂದು ದಿನ ನಡೆದು ನೋಡುವವರಿಗೆ

ಉಣಕಲ್ ವಾಕರ್, ಹುಬ್ಬಳ್ಳಿ

ಕಳೆದ ವಾರ ಇಲ್ಲಿ ಯಾರೋ "ಒಂದೇ ದಿನ ರಜೆ ಇದೆ, ಗೋವಾದಲ್ಲಿ ಎಲ್ಲಿ ಹೋಗೋದು" ಅಂತ ಕೇಳಿದ್ದರು. ಬಂದ ಉತ್ತರಗಳೆಲ್ಲ ಕಲಂಗೂಟ್, ಬಾಗಾ, ಇಲ್ಲಾಂದ್ರೆ ಕ್ಯಾಸಿನೊ. ಬಾಡಿಗೆ ಸ್ಕೂಟರ್ ತಗೊಂಡು ಟ್ರಾಫಿಕ್‌ನಲ್ಲಿ ಅರ್ಧ ದಿನ ಕಳೆಯೋದಾದ್ರೆ ಚೆನ್ನಮ್ಮ ಸರ್ಕಲ್ ಸಾಕಲ್ವಾ, ಅದಕ್ಕೆ 180 ಕಿ.ಮೀ. ಯಾಕೆ ಹೋಗಬೇಕು?

ನನ್ನ ಮಾತು ಇಷ್ಟೇ. ಒಂದೇ ದಿನ ಇದ್ದರೆ ಪಣಜಿಯಲ್ಲೇ ಇಳಿಯಿರಿ, ಗಾಡಿ ತಗೋಬೇಡಿ, ನಡೆಯಿರಿ. ಊರು ಸಣ್ಣದು. ಒಂದು ಕಡೆ ಮಾಂಡೋವಿ ನದಿ, ಇನ್ನೊಂದು ಕಡೆ ಅಲ್ತಿನ್ಹೊ ಗುಡ್ಡ, ನಡುವೆ ಊರು. ದಾರಿ ತಪ್ಪಿದರೆ ಇಳಿಜಾರು ಹಿಡಿದು ಇಳಿದರಾಯಿತು, ನದಿ ಸಿಗುತ್ತದೆ.

ನಾವು ಹೋದದ್ದು ರಾತ್ರಿ ಬಸ್ಸಿಗೆ. ಬೆಳಕು ಹರಿಯುವ ಹೊತ್ತಿಗೆ ಕದಂಬ ಬಸ್ ನಿಲ್ದಾಣ. ಅಲ್ಲಿಂದ ಸ್ವಲ್ಪ ನಡೆದರೆ ಔರೆಮ್ ಅನ್ನುವ ಹಿನ್ನೀರಿನ ಕಾಲುವೆ. ಅದನ್ನು ದಾಟಿದರೆ ಫೊಂಟೇನ್ಹಾಸ್, ಅಂದ್ರೆ ಎಲ್ಲರೂ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಆ ಹಳದಿ, ನೀಲಿ, ಕೆಂಪು ಮನೆಗಳ ಓಣಿ. ಇಲ್ಲಿಗೆ ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಹತ್ತು ಗಂಟೆ ಆಯಿತು ಅಂದ್ರೆ ಮದುವೆ ಫೋಟೊದವರು, ರೀಲ್ಸ್‌ನವರು ಬಂದು ಓಣಿ ತುಂಬುತ್ತಾರೆ. ಎಂಟರೊಳಗೆ ಹೋದರೆ ಸೈಕಲ್ ಮೇಲೆ ಬುಟ್ಟಿ ಕಟ್ಟಿಕೊಂಡು ಹಾರ್ನ್ ಒತ್ತುತ್ತಾ ಬರುವ ಬ್ರೆಡ್ಡಿನವನು ಸಿಗುತ್ತಾನೆ. ಅಜ್ಜಿಯೊಬ್ಬರು ಬಾಗಿಲಿಗೆ ಬಂದು ನಾಲ್ಕು ಪೊಯಿ ಎಣಿಸಿ ತಗೊಂಡು ಒಳಗೆ ಹೋದರು. ಊರು ಊರಾಗಿ ಕಾಣೋದು ಆ ಹೊತ್ತಿನಲ್ಲಿ ಮಾತ್ರ.

ಓಣಿಯ ತುದಿಯಲ್ಲಿ ಸೇಂಟ್ ಸೆಬಾಸ್ಟಿಯನ್ ಚಾಪೆಲ್. ಒಳಗಿನ ಶಿಲುಬೆಯಲ್ಲಿ ಏಸುವಿನ ಕಣ್ಣು ತೆರೆದಿವೆ. ಸಾಮಾನ್ಯವಾಗಿ ಕಣ್ಣು ಮುಚ್ಚಿ ತಲೆ ಬಾಗಿಸಿರುತ್ತಾರೆ. ಈ ಶಿಲುಬೆ ಮೊದಲು ಇದ್ದದ್ದು ಹಳೇ ಗೋವಾದಲ್ಲಿ, ಇನ್‌ಕ್ವಿಸಿಷನ್ ನ್ಯಾಯಾಲಯದ ಅರಮನೆಯಲ್ಲಿ. 1560ರಿಂದ 1812ರವರೆಗೆ ಧರ್ಮದ ಹೆಸರಲ್ಲಿ ಜನರನ್ನು ವಿಚಾರಣೆ ಮಾಡಿ ಶಿಕ್ಷೆ ಕೊಟ್ಟ ಜಾಗ ಅದು. ಕಟಕಟೆಯಲ್ಲಿ ನಿಂತವರು ಆ ಕಣ್ಣು ನೋಡಬೇಕಿತ್ತು. ಇದು ಗೊತ್ತಿಲ್ಲದೆ ನೋಡಿದರೆ ಎರಡು ನಿಮಿಷದ ಕೆಲಸ, ಗೊತ್ತಿದ್ದು ನೋಡಿದರೆ ಕಾಲು ಕೀಳೋದು ಕಷ್ಟ.

ಅಲ್ಲಿಂದ ಮೆಟ್ಟಿಲು ಹತ್ತಿ ಗುಡ್ಡದ ಮಾರುತಿ ಗುಡಿ. ಮೇಲಿನಿಂದ ಹಂಚಿನ ಮನೆಗಳೆಲ್ಲ ಕಾಣುತ್ತವೆ. ಆಮೇಲೆ ಇಳಿದು ಚರ್ಚ್ ಚೌಕ. ಬಿಳಿ ಚರ್ಚ್, ಅಡ್ಡಾದಿಡ್ಡಿ ಮೆಟ್ಟಿಲು, ಎಲ್ಲ ಸಿನಿಮಾದಲ್ಲಿ ನೋಡಿರುತ್ತೀರಿ. 1541ರಲ್ಲಿ ಸಣ್ಣ ಚಾಪೆಲ್ ಆಗಿತ್ತು, 1619ರಲ್ಲಿ ದೊಡ್ಡದಾಗಿ ಕಟ್ಟಿದರು. ಲಿಸ್ಬನ್‌ನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದವರು ಬದುಕಿ ಬಂದೆವಲ್ಲ ಅಂತ ಮೊದಲು ಇಲ್ಲಿ ಕೈ ಮುಗಿದು ಮುಂದೆ ಹೋಗುತ್ತಿದ್ದರಂತೆ. ಮೇಲಿನ ಗಂಟೆ ಹಳೇ ಗೋವಾದ ಅಗಸ್ಟೀನಿಯನ್ ಮಠದ್ದು. ಮಠ ಹಾಳುಬಿದ್ದ ಮೇಲೆ ತಂದು 1871ರಲ್ಲಿ ಇಲ್ಲಿ ಕಟ್ಟಿದ್ದಾರೆ.

ನಂತರ ಇಡೀ ದಿನ ನದಿ ದಂಡೆ. ಹಳೇ ಸೆಕ್ರೆಟೇರಿಯಟ್, ಅಬ್ಬೆ ಫಾರಿಯಾ ಪ್ರತಿಮೆ, ಫೆರಿ, ಕಂಪಾಲ್ ಉದ್ಯಾನ, ಕಲಾ ಅಕಾಡೆಮಿ, ಕೊನೆಗೆ ಸೂರ್ಯ ಮುಳುಗುವಾಗ ಮಿರಾಮಾರ್. ಚರ್ಚ್‌ನಿಂದ ಮಿರಾಮಾರ್‌ಗೆ ಸುಮಾರು ಮೂರು ಕಿ.ಮೀ. ಹೆಚ್ಚಿನ ಕಡೆ ಮರದ ನೆರಳು. ಪ್ರಶ್ನೆ ಇದ್ದರೆ ಕೇಳಿ, ಒಂದೊಂದಾಗಿ ಬರೆಯುತ್ತೇನೆ.

ಗಾಂಧಿ ಚೌಕ, ಧಾರವಾಡ

ಒಳ್ಳೇ ಬರಹ ಸರ್. ನಮ್ಮ ಅವ್ವನಿಗೆ ಮೊಣಕಾಲು ನೋವು. ಕರ್ಕೊಂಡು ಹೋಗಬಹುದಾ? ರೈಲಲ್ಲಿ ಹೋದರೆ ಹೇಗೆ?

ಉಣಕಲ್ ವಾಕರ್, ಹುಬ್ಬಳ್ಳಿ

ಮಾರುತಿ ಗುಡಿ ಬಿಟ್ಟುಬಿಡಿ, ಚರ್ಚನ್ನು ಕೆಳಗಿನಿಂದಲೇ ನೋಡಿ. ಉಳಿದದ್ದೆಲ್ಲ ಸಮತಟ್ಟು. ಕಂಪಾಲ್‌ನಿಂದ ಮುಂದೆ ಸಿಟಿ ಬಸ್ ಹತ್ತಿಸಿ, ಮಿರಾಮಾರ್ ಕಡೆ ಬೇಕಾದಷ್ಟು ಬಸ್ ಓಡಾಡುತ್ತವೆ.

ರೈಲಿನ ವಿಷಯ: ಪಣಜಿಗೆ ರೈಲು ಇಲ್ಲ. ನಮ್ಮ ಕಡೆಯಿಂದ ಹೋಗುವ ಗಾಡಿಗಳು ಲೋಂಡಾ, ಕ್ಯಾಸಲ್‌ರಾಕ್, ಕುಳೆ ಮೇಲೆ ಮಡಗಾಂವ್, ವಾಸ್ಕೊಗೆ ಹೋಗುತ್ತವೆ. ಅಲ್ಲಿ ಇಳಿದು ಮತ್ತೆ ಬಸ್. ಒಂದೇ ದಿನದ ಪ್ಲಾನಿಗೆ ಇದು ಹೊಂದಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಹಗಲು ಗಾಡಿ ಸಿಕ್ಕಿದರೆ ಒಂದು ದಿನ ಜಾಸ್ತಿ ರಜೆ ಹಾಕಿಯಾದರೂ ರೈಲಲ್ಲೇ ಹೋಗಿ. ದೂಧ್‌ಸಾಗರ ಜಲಪಾತದ ಮುಂದೆಯೇ ಹಳಿ ಇದೆ. 1888ರಲ್ಲಿ ಆ ಘಾಟಿನಲ್ಲಿ ಹಳಿ ಹಾಕಿದ್ದಾರೆ ಅಂದ್ರೆ ನೋಡಿ. ಆ ಜಲಪಾತದ ನೀರೂ ಕೊನೆಗೆ ಸೇರೋದು ಇದೇ ಮಾಂಡೋವಿಗೆ.

ಕೆಂಪು ಮೆಣಸಿನಕಾಯಿ, ಬ್ಯಾಡಗಿ

ಇಷ್ಟೆಲ್ಲ ನಡೆದು ಒಂದು ಬಿಯರ್ ಕೂಡ ಕುಡಿಲಿಲ್ವಾ? ನಂಬಲ್ಲ ನಾನು.

ಉಣಕಲ್ ವಾಕರ್, ಹುಬ್ಬಳ್ಳಿ

ನಂಬಬೇಡಿ.

ಕರಿ ಮಣ್ಣು, ನವಲಗುಂದ

ಒಂದು ಮಾತು ಕೇಳ್ತೀನಿ ಅಣ್ಣ, ಬೇಜಾರಾಗಬೇಡಿ. ನೀವು ಮಾಂಡೋವಿ ಮಾಂಡೋವಿ ಅಂತ ಬರೆದಿದ್ದೀರಿ. ಅದು ನಮ್ಮ ಮಹದಾಯಿ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಹೊಳೆ ಅದು. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಕೂತಾಗ ನಮ್ಮ ಮನೆಯವರೆಲ್ಲ ಸರದಿ ಮೇಲೆ ಹೋಗಿ ಕೂತಿದ್ದರು. ಕಳಸಾ, ಬಂಡೂರಿ ಹಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸಿ ಅನ್ನೋದು ನಮ್ಮ ಬೇಡಿಕೆ. ನೀವು ಹುಬ್ಬಳ್ಳಿಯವರು ಕುಡಿಯೋದೂ ಮಲಪ್ರಭೆ ನೀರೇ, ಸವದತ್ತಿ ಡ್ಯಾಮಿನದು. ಅದು ತುಂಬುವ ವರ್ಷಕ್ಕಿಂತ ತುಂಬದ ವರ್ಷವೇ ಜಾಸ್ತಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಆ ನೀರು ಇನ್ನೂ ನಮ್ಮ ಹೊಲದ ಕಡೆ ಬಂದಿಲ್ಲ.

ನಾನು ಪಣಜಿಗೆ ಹೋಗಿದ್ದೆ, ತಂಗಿ ಗಂಡನ ಜೊತೆ. ಆ ನದಿ ದಂಡೆಯಲ್ಲಿ ನಿಂತಾಗ ಅಷ್ಟಗಲ ನೀರು, ಮೇಲೆ ಲೈಟು ಹಾಕಿಕೊಂಡ ಕ್ಯಾಸಿನೊ ಹಡಗುಗಳು. ನಮ್ಮೂರಲ್ಲಿ ಟ್ಯಾಂಕರ್ ಬಂತು ಅಂದ್ರೆ ಕೊಡ ಹಿಡಿದು ಓಡ್ತಾರೆ. ಚರ್ಚು, ಬಣ್ಣದ ಮನೆ ಯಾವುದೂ ತಲೆಗೆ ಹೋಗಲಿಲ್ಲ ನನಗೆ. ನಿಮಗೆ ಹಾಗೆ ಏನೂ ಅನಿಸಲಿಲ್ವಾ?

ಉಣಕಲ್ ವಾಕರ್, ಹುಬ್ಬಳ್ಳಿ

ಬೇಜಾರು ಯಾಕೆ ತಮ್ಮಾ, ಸರಿಯಾಗೇ ಕೇಳಿದೆ. ಅನಿಸಿತು. ನಮ್ಮ ಮನೆಗೂ ನೀರು ಬರೋದು ವಾರಕ್ಕೊಮ್ಮೆ ಅನ್ನೋ ಹಾಗೇ ಇದೆ, ನಲ್ಲಿ ಬರುವ ದಿನ ಯಾರೂ ಊರು ಬಿಡಲ್ಲ. ಆದರೆ ಪಣಜಿಯ ದಂಡೆಯಲ್ಲಿ ಕಾಣುವ ಅಷ್ಟಗಲದ ನೀರು ಎಲ್ಲ ಹೊಳೆ ನೀರಲ್ಲ. ಸಮುದ್ರದ ಉಬ್ಬರಕ್ಕೆ ಒಳಗೆ ನುಗ್ಗಿದ ಉಪ್ಪು ನೀರೂ ಅದರಲ್ಲಿ ಬೆರೆತಿದೆ. ಅಲ್ಲಿನವರೂ ಅದನ್ನು ಕುಡಿಯಲ್ಲ. ಪಣಜಿಗೆ ಕುಡಿಯುವ ನೀರು ಬರೋದು ಫೋಂಡಾ ಹತ್ತಿರದ ಓಪಾದಿಂದ, ಖಾಂಡೇಪಾರ್ ಹೊಳೆಯಿಂದ. ಮೇಲೆ ನೀರು ತಿರುಗಿಸಿದರೆ ಉಪ್ಪು ಇನ್ನೂ ಒಳಗೆ ಬರುತ್ತೆ, ಕಾಡು ಒಣಗುತ್ತೆ ಅನ್ನೋದು ಅವರ ಭಯ. ನಮ್ಮ ಬೇಡಿಕೆ ನ್ಯಾಯವಾದದ್ದು ಅಂತಲೇ ನಾನೂ ಹೇಳೋದು. ಆದರೆ ಅವರ ಭಯ ಸುಳ್ಳು ಅಂತ ಹೇಳೋಕೆ ಬಾಯಿ ಬರಲ್ಲ.

ಅದಕ್ಕೇ ನಮ್ಮ ಕಡೆಯವರು ಪಣಜಿಯನ್ನು ನದಿಯ ಕಡೆಯಿಂದ ನೋಡಬೇಕು ಅನ್ನೋದು. ಟಿವಿಯಲ್ಲಿ ಹೆಸರು ಕೇಳಿ ಕೇಳಿ ಸಾಕಾಗಿದೆ, ಆ ಹೊಳೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಕಣ್ಣಾರೆ ನೋಡಿದವರು ಎಷ್ಟು ಜನ?

ಬಣ್ಣದ ಬ್ರಷ್, ರೋಣ (ಈಗ ಪಣಜಿ)

ಈ ಥ್ರೆಡ್ ನಮ್ಮ ರೂಮಿನ ಹುಡುಗರು ತೋರಿಸಿದರು. ನಾನು ರೋಣ ತಾಲೂಕಿನವ, ಇಲ್ಲಿ ಪೇಂಟಿಂಗ್ ಕೆಲಸ. ನೀವು ಫೋಟೊ ಹೊಡೆಯುವ ಫೊಂಟೇನ್ಹಾಸ್ ಗೋಡೆಗಳಿಗೆ ನಾವೂ ಬಣ್ಣ ಹೊಡೆದಿದ್ದೇವೆ.

ಮಳೆಗಾಲ ಮುಗಿದ ಕೂಡಲೇ ನಮ್ಮ ಸೀಸನ್ ಶುರು. ಗೋಡೆ ಕೆಂಪು ಜಂಬಿಟ್ಟಿಗೆಯದ್ದು, ನೀರು ಹೀರುತ್ತೆ. ನಾಲ್ಕು ತಿಂಗಳು ಮಳೆ ಕುಡಿದು ಹಸಿರು ಪಾಚಿ ಕಟ್ಟಿರುತ್ತೆ. ಮೊದಲು ತಂತಿ ಬ್ರಷ್ಷಿನಿಂದ ಉಜ್ಜಬೇಕು, ಎದ್ದ ಪೊರೆ ಎಲ್ಲ ಕೆರೆಯಬೇಕು, ತೊಳೆದು ಒಣಗಲು ಬಿಡಬೇಕು. ಒಣಗದೆ ಹೊಡೆದರೆ ಡಿಸೆಂಬರ್‌ಗೇ ಗುಳ್ಳೆ ಏಳುತ್ತೆ. ಕಿಟಕಿ ಬಾಗಿಲ ಸುತ್ತ ಬಿಳಿ ಪಟ್ಟಿ ಎಳೆಯುವ ಕೆಲಸ ಎಲ್ಲರಿಗೂ ಕೊಡಲ್ಲ. ಕೈ ನಿಂತವರಿಗೆ ಮಾತ್ರ. ಚರ್ಚ್‌ಗೆ ಬಿಟ್ಟು ಮನೆಗೆ ಪೂರ್ತಿ ಬಿಳಿ ಹೊಡೆಯಬಾರದು ಅಂತ ಪೋರ್ಚುಗೀಸರ ಕಾಲದಲ್ಲಿ ಇತ್ತು ಅಂತ ಮಾಲೀಕರು ಹೇಳ್ತಾರೆ. ಈಗಲೂ ಯಾರೂ ಬಿಳಿ ಕೇಳಲ್ಲ.

ಒಂದು ವಸ್ತು ನೋಡದೆ ಬರಬೇಡಿ. ಹಳೇ ಮನೆಗಳ ಕಿಟಕಿಗೆ ಗಾಜಿನ ಬದಲು ಸಮುದ್ರದ ಚಿಪ್ಪು ಇರುತ್ತೆ. ಅಂಗೈಯಷ್ಟೂ ಇಲ್ಲದ, ಚೌಕಾಗಿ ಕತ್ತರಿಸಿದ ತೆಳ್ಳನೆ ಚಿಪ್ಪು. ಮರದ ಸಣ್ಣ ಪಟ್ಟಿಗಳ ನಡುವೆ ಒಂದರ ಮೇಲೊಂದು ಸಿಕ್ಕಿಸಿರುತ್ತಾರೆ. ಹೊರಗಿನಿಂದ ಬೂದಿ ಬಣ್ಣ, ಏನೂ ಅನಿಸಲ್ಲ. ಒಳಗೆ ನಿಂತು ನೋಡಿದರೆ ಮಧ್ಯಾಹ್ನದ ಬಿಸಿಲೂ ಹಾಲಿನ ಹಾಗೆ ಸೋಸಿ ಬರುತ್ತೆ. ನಾವು ಕಿಟಕಿ ಪಟ್ಟಿಗೆ ಬಣ್ಣ ಹೊಡೆಯುವಾಗ ಮಾಲೀಕರು ಪಕ್ಕದಲ್ಲೇ ನಿಂತಿರ್ತಾರೆ. ಒಂದು ಒಡೆದರೆ ಹೊಸದು ಸಿಗೋದು ಬಲು ಕಷ್ಟ.

ಇನ್ನೊಂದು ವಿನಂತಿ. ಅದು ಜನ ಇರುವ ಓಣಿ. ಮನೆ ಮೆಟ್ಟಿಲ ಮೇಲೆ ಕೂತು ಫೋಟೊ, ಕಿಟಕಿಯೊಳಗೆ ಮೊಬೈಲ್ ತೂರಿಸೋದು, ಮಧ್ಯಾಹ್ನ ಮಲಗುವ ಹೊತ್ತಲ್ಲಿ ಸ್ಪೀಕರ್ ಹಾಕಿ ಕುಣಿಯೋದು. ಬೈದರೆ "ರಸ್ತೆ ಏನು ನಿಮ್ಮಪ್ಪಂದಾ" ಅಂತಾರೆ. ಹಾಗಂದವರು ಕನ್ನಡದವರಾಗಿದ್ದರೆ ಮಾತು ಕೇಳಬೇಕಾಗೋದು ನಮಗೆ. ಮಾಲೀಕರು ನಮ್ಮ ಕಡೆ ತಿರುಗಿ "ನಿಮ್ಮೂರವರು" ಅಂತಾರೆ. ಬೋರ್ಡ್ ಹಾಕಿದ ಕಡೆ ಫೋಟೊ ಬೇಡ. ಎದುರಿಗೆ ಯಾರಾದರೂ ಇದ್ದರೆ ಒಂದು ಮಾತು ಕೇಳಿ. ಬಹಳ ಜನ ನಕ್ಕು ಹೂಂ ಅಂತಾರೆ.

ಗಾಂಧಿ ಚೌಕ, ಧಾರವಾಡ

ಈ ಒಂದು ಪೋಸ್ಟಿಗೆ ಥ್ರೆಡ್ ಸಾರ್ಥಕ ಆಯ್ತು ನೋಡ್ರಿ. ಅಣ್ಣಾರೆ, ಮಾರ್ಕೆಟ್ಟಿನಲ್ಲಿ ಕನ್ನಡ ನಡೆಯುತ್ತಾ?

ಬಣ್ಣದ ಬ್ರಷ್, ರೋಣ (ಈಗ ಪಣಜಿ)

ತರಕಾರಿ ಸಾಲಿನಲ್ಲಿ ಧಾರಾಳ ನಡೆಯುತ್ತೆ. ಮೀನಿನ ಸಾಲಿನಲ್ಲಿ ಕೊಂಕಣಿ ಬೇಕು, ಇಲ್ಲಾಂದ್ರೆ ರೇಟು ಬೇರೆ.

ಏಲಕ್ಕಿ ಹಾರ, ಹಾವೇರಿ

ಎಲ್ಲ ಸರಿ, ಆದರೆ ಹಳೇ ಗೋವಾ ಬಿಟ್ಟು ಪಣಜಿ ನೋಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಬಾಮ್ ಜೀಸಸ್ ಬೆಸಿಲಿಕಾ, ಸೇ ಕೆಥೆಡ್ರಲ್, ಅಗಸ್ಟೀನಿಯನ್ ಮಠದ ಉಳಿದ ಗೋಪುರ, ನದಿ ದಂಡೆಯಲ್ಲಿ ವೈಸರಾಯ್ ಕಮಾನು. ಬಸ್ಸಿನಲ್ಲಿ ಅರ್ಧ ಗಂಟೆ. ಪಣಜಿ ರಾಜಧಾನಿ ಆದದ್ದೇ 1843ರಲ್ಲಿ. ಅದಕ್ಕೆ ಮೊದಲು ಇದ್ದದ್ದೆಲ್ಲ ಅಲ್ಲೇ. ಬೇರು ಬಿಟ್ಟು ಟೊಂಗೆ ನೋಡಿ ಬಂದ ಹಾಗಾಯ್ತು.

ಉಣಕಲ್ ವಾಕರ್, ಹುಬ್ಬಳ್ಳಿ

ಹಳೇ ಗೋವಾಕ್ಕೆ ಬೇರೆ ದಿನ ಕೊಡಿ. ಎರಡನ್ನೂ ಒಂದೇ ದಿನ ತುರುಕಿದರೆ ಎರಡೂ ಕಡೆ ಓಡಾಟವೇ ಆಗುತ್ತೆ. ಇನ್ನೊಂದು, ಹಳೇ ಗೋವಾದಲ್ಲಿ ಊರೇ ಇಲ್ಲ. ಕಾಲರಾ, ಮಲೇರಿಯಾ ಬಂದು ಜನ ಖಾಲಿ ಮಾಡಿ ಹೋದರು, ವೈಸರಾಯ್ ಕೂಡ 1759ರಲ್ಲಿ ಪಣಜಿಗೆ ಬಂದುಬಿಟ್ಟ. ಚರ್ಚುಗಳು ಭವ್ಯವಾಗಿವೆ, ಇಲ್ಲ ಅನ್ನಲ್ಲ. ಆದರೆ ಹುಲ್ಲುಹಾಸಿನ ನಡುವೆ ನಿಂತ ಕಟ್ಟಡ ನೋಡೋದು ಬೇರೆ, ಜನ ಬಟ್ಟೆ ಒಣಹಾಕಿದ ಓಣಿಯಲ್ಲಿ ನಡೆಯೋದು ಬೇರೆ. ನನ್ನ ಪ್ಲಾನಿನಲ್ಲಿ ಎರಡನೆಯದ್ದೇ ಇರೋದು.

ಏಲಕ್ಕಿ ಹಾರ, ಹಾವೇರಿ

ಒಪ್ಪಲ್ಲ, ಆದರೆ ಜಗಳ ಸಾಕು. ನಡೆದೇ ಹೋಗುವವರಿಗೆ ಒಂದು ದಾರಿ ಹೇಳ್ತೀನಿ. ಪಣಜಿಯ ಪಾಟೊದಿಂದ ರಿಬಂದರ್‌ಗೆ ಹಿನ್ನೀರಿನ ನಡುವೆ ಒಂದು ಹಳೇ ಕಲ್ಲುಸೇತುವೆ ರಸ್ತೆ ಇದೆ, ಪೋಂತೆ ದೆ ಲಿನ್ಹಾರೆಸ್. 1630ರ ದಶಕದಲ್ಲಿ ಕಟ್ಟಿದ್ದು, ಮೂರು ಕಿ.ಮೀ.ಗಿಂತ ಉದ್ದ, ಇವತ್ತಿಗೂ ಬಸ್ಸು ಓಡ್ತವೆ. ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಗದ್ದೆ, ಕಾಂಡ್ಲಾ ಗಿಡ. ಬೆಳಿಗ್ಗೆ ಬಕಪಕ್ಷಿಗಳು ಸಾಲಾಗಿ ನಿಂತಿರುತ್ತವೆ. ರಿಬಂದರ್‌ನಲ್ಲಿ ಫೆರಿ ಹತ್ತಿದರೆ ಚೊರಾಂವ್ ದ್ವೀಪ, ಅಲ್ಲಿ ಸಲೀಂ ಅಲಿ ಪಕ್ಷಿಧಾಮ.

ಬಣ್ಣದ ಬ್ರಷ್, ರೋಣ (ಈಗ ಪಣಜಿ)

ಆ ರಸ್ತೆ ಸಣ್ಣದು ಅಣ್ಣ, ಗಾಡಿ ಮೈಮೇಲೆ ಬಂದ ಹಾಗೆ ಬರ್ತವೆ. ಮಕ್ಕಳನ್ನು ಕರ್ಕೊಂಡು ನಡೆಯಬೇಡಿ. ಬಸ್ಸಲ್ಲಿ ಕಿಟಕಿ ಪಕ್ಕ ಕೂತರೂ ಅಷ್ಟೇ ಕಾಣುತ್ತೆ.

ಕಲ್ಲು ಶಾಸನ, ಲಕ್ಕುಂಡಿ

ನೀವೆಲ್ಲ ಕದಂಬ ಬಸ್ ನಿಲ್ದಾಣದಲ್ಲಿ ಇಳಿದಿರಿ, ಅದರ ಹೆಸರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಪೋರ್ಚುಗೀಸರಿಗಿಂತ ಮೊದಲು ಗೋವಾ ಆಳಿದ ಕದಂಬರ ಹೆಸರು ಅದು. ಅವರಿಗೆ ಎರಡು ನೆಲೆ. ಒಂದು ಗೋವಾದಲ್ಲಿ, ಮೊದಲು ಚಂದ್ರಪುರ, ಆಮೇಲೆ ಜುವಾರಿ ದಂಡೆಯ ಗೋಪಕಪಟ್ಟಣ. ಇನ್ನೊಂದು ಘಟ್ಟದ ಮೇಲೆ, ನಮ್ಮ ಖಾನಾಪುರ ತಾಲೂಕಿನ ಹಲಸಿ. ಬಂದರಿನ ಸುಂಕ ಕೆಳಗೆ, ಹೊಲದ ಕಂದಾಯ ಮೇಲೆ. ಅವರ ಶಾಸನಗಳಲ್ಲಿ ಕನ್ನಡ ಇದೆ. ಕಿತ್ತೂರು ಹತ್ತಿರದ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದ್ದು ಅವರ ರಾಣಿ ಕಮಲಾದೇವಿ.

ಅಲ್ಲಿಂದ ಮುಂದೆ ಬಹಮನಿ, ವಿಜಯನಗರ, ಕೊನೆಗೆ ವಿಜಯಪುರದ ಆದಿಲ್ ಶಾಹಿ. ಪಣಜಿ ದಂಡೆಯ ಹಳೇ ಸೆಕ್ರೆಟೇರಿಯಟ್ ಅಂತ ಹೇಳಿದಿರಲ್ಲ, ಅದು ಮೂಲದಲ್ಲಿ ಆದಿಲ್ ಶಾಹನ ಅರಮನೆ. ಗೋಳಗುಮ್ಮಟದ ಊರಿನವರು ಕಟ್ಟಿಸಿದ್ದು ಅಂತ ಎಷ್ಟು ಜನಕ್ಕೆ ಗೊತ್ತು? 1510ರಲ್ಲಿ ಪೋರ್ಚುಗೀಸರ ಸೇನಾಪತಿ ಅಲ್ಬುಕರ್ಕ್ ಗೋವಾ ಗೆದ್ದ, ಆಮೇಲೆ ಅದೇ ಕಟ್ಟಡವನ್ನು ತಿದ್ದಿ ತಿದ್ದಿ ವೈಸರಾಯ್‌ಗಳು ಮನೆ ಮಾಡಿಕೊಂಡರು. 1961ರಲ್ಲಿ ಗೋವಾ ಬಿಡುಗಡೆ ಆದ ಮೇಲೆ ವಿಧಾನಸಭೆ ನಡೆದದ್ದೂ ಅಲ್ಲೇ, 2000ನೇ ಇಸವಿಯವರೆಗೆ. ಈಗ ನೋಡಿದರೆ ಇಳಿಜಾರು ಹಂಚು, ಉದ್ದ ಪಡಸಾಲೆ. ಆದಿಲ್ ಶಾಹಿಯ ಗುರುತು ಹುಡುಕಿದರೂ ಸಿಗಲ್ಲ.

ಇನ್ನು ಮಹಾಲಕ್ಷ್ಮಿ ಗುಡಿ ನಿಮ್ಮ ಪಟ್ಟಿಯಲ್ಲೇ ಇಲ್ಲ. ಪೋರ್ಚುಗೀಸರ ಪಣಜಿಯಲ್ಲಿ ಹಿಂದೂ ಗುಡಿ ಕಟ್ಟಲು ಮೊದಲು ಅನುಮತಿ ಸಿಕ್ಕಿದ್ದು ಅದಕ್ಕೆ, 1818ರಲ್ಲಿ. ಇನ್‌ಕ್ವಿಸಿಷನ್ ಮುಗಿದು ಆರು ವರ್ಷಕ್ಕೆ. ಆ ಶಿಲುಬೆ ನೋಡಿದವರು ಈ ಗುಡಿಗೂ ಹೋಗಿಬಂದರೆ ಕಥೆ ಪೂರ್ತಿ ಆಗುತ್ತೆ. ಚರ್ಚ್‌ನಿಂದ ದೂರ ಏನಿಲ್ಲ, ಗುಡ್ಡದ ಬುಡದಲ್ಲೇ ಇದೆ.

ಉಣಕಲ್ ವಾಕರ್, ಹುಬ್ಬಳ್ಳಿ

ಗುಡಿ ಸೇರಿಸಿದೆ ಸರ್. ಚರ್ಚ್ ಆದಮೇಲೆ, ದಂಡೆಗೆ ಇಳಿಯುವ ಮೊದಲು.

ಅಕ್ಕನ ಡಬ್ಬಿ, ಕೇಶ್ವಾಪುರ

ಗಂಡಸರು ಬರೆದ ಪ್ಲಾನಿನಲ್ಲಿ ಮೂರು ವಿಷಯ ಯಾವಾಗಲೂ ಇರಲ್ಲ, ಶೌಚಾಲಯ, ಊಟ, ಕೂರುವ ಜಾಗ. ನಾವು ಮೂವರು ಹೆಣ್ಣುಮಕ್ಕಳು ಹೋಗಿದ್ದೆವು, ಹೇಳ್ತೀನಿ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲೇ ದುಡ್ಡು ಕೊಟ್ಟು ಮುಖ ತೊಳೆದು ಎಲ್ಲ ಮುಗಿಸಿ. ಫೊಂಟೇನ್ಹಾಸ್ ಒಳಗೆ ಹೊಕ್ಕ ಮೇಲೆ ಸಿಗೋದು ಕಷ್ಟ. ಆಮೇಲೆ ತಿಂಡಿಗೆ ಕೂತ ಹೋಟೆಲಿನಲ್ಲಿ ಕೇಳಬಹುದು.

ಶಾಕಾಹಾರಿಗಳು ಹೆದರಬೇಡಿ. ಚರ್ಚ್ ಚೌಕದ ಸುತ್ತ ದಕ್ಷಿಣದ ಕಡೆ ತಿಂಡಿ ಸಿಗುವ ಹೋಟೆಲ್‌ಗಳಿವೆ. ಆದರೆ ಪಣಜಿಗೆ ಹೋಗಿ ಇಡ್ಲಿ ಯಾಕೆ? ಭಾಜಿ-ಪಾವ್ ತಿನ್ನಿ. ಇದು ಮುಂಬೈ ಪಾವ್‌ಭಾಜಿ ಅಲ್ಲ. ಒಂದು ಬಟ್ಟಲಲ್ಲಿ ಬಟಾಣಿಯೋ ಅಲಸಂದೆಯೋ ತೆಂಗಿನಕಾಯಿ ಹಾಕಿದ ಗಸಿ, ಜೊತೆಗೆ ಪಾವ್, ಬೇಕಂದ್ರೆ ಒಂದು ಮಿರ್ಚಿ. ಮಿರ್ಚಿ ನಮ್ಮ ಗಿರ್ಮಿಟ್ ಜೊತೆಯ ಮಿರ್ಚಿಗೆ ಸಮ ಇಲ್ಲ, ಬಿಡಿ. ಬಾಳೆಹಣ್ಣಿನ ಬನ್ಸ್ ಬೆಳಿಗ್ಗೆ ಬೇಗ ಖಾಲಿ ಆಗುತ್ತೆ. ಮಧ್ಯಾಹ್ನಕ್ಕೆ ನಾವು ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಒಯ್ದಿದ್ದೆವು. ಕಂಪಾಲ್ ಉದ್ಯಾನದ ನೆರಳಲ್ಲಿ ನದಿ ಕಡೆ ಮುಖ ಮಾಡಿ ಕೂತು ತಿಂದೆವು. ಪಕ್ಕದ ಬೆಂಚಿನ ಗೋವಾ ಅಜ್ಜ ಒಂದು ಚೂರು ರೊಟ್ಟಿ ಕೇಳಿ ತಿಂದು, ಹಲ್ಲು ಹೋದೀತು ಅಂತ ಸನ್ನೆ ಮಾಡಿದ.

ದಂಡೆಯಲ್ಲಿ ಸಂಜೆ ಕ್ಯಾಸಿನೊ ಹುಡುಗರು, ಬೋಟ್ ಹುಡುಗರು ಟಿಕೆಟ್ ಹಿಡಿದು ಬೆನ್ನು ಬೀಳುತ್ತಾರೆ. ಮುಖ ನೋಡದೆ ಮುಂದೆ ನಡೆಯಿರಿ, ಬಿಡ್ತಾರೆ. ನಿಂತು "ಎಷ್ಟು" ಅಂತ ಕೇಳಿದಿರೋ, ಮುಗೀತು.

ಅಬ್ಬೆ ಫಾರಿಯಾ ಪ್ರತಿಮೆ ಮುಂದೆ ನಮ್ಮ ಚಿಕ್ಕಮ್ಮ "ಇವನು ದೆವ್ವ ಬಿಡಿಸ್ತಾ ಇದ್ದಾನಾ, ಕುತ್ತಿಗೆ ಹಿಸುಕ್ತಾ ಇದ್ದಾನಾ" ಅಂತ ಕೇಳಿದರು. ಹೆಂಗಸು ಹಿಂದಕ್ಕೆ ವಾಲಿದ್ದಾಳೆ, ನಿಲುವಂಗಿಯ ಪಾದ್ರಿ ಮೇಲೆ ಎರಡೂ ಕೈ ಚಾಚಿದ್ದಾನೆ. ಅನುಮಾನ ಬರೋದು ಸಹಜ. ಯಾರಿಗಾದರೂ ಅವನ ಕಥೆ ಗೊತ್ತಾ?

ಬಣ್ಣದ ಪೆಟ್ಟಿಗೆ, ಧಾರವಾಡ

ಅವನು ಸಂಮೋಹನ ಮಾಡ್ತಾ ಇರೋದು. 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ. ಅಪ್ಪನ ಜೊತೆ ಲಿಸ್ಬನ್‌ಗೆ ಹೋಗಿ, ಕೊನೆಗೆ ಪ್ಯಾರಿಸ್ ಸೇರಿದ. ಆಗ ಸಂಮೋಹನ ಅಂದ್ರೆ ಒಬ್ಬರ ಮೈಯಿಂದ ಇನ್ನೊಬ್ಬರಿಗೆ ಹರಿಯುವ ಏನೋ ಕಾಂತಶಕ್ತಿ ಅಂತ ನಂಬಿದ್ದರು. ಇವನು ಹಾಗಲ್ಲ, ಶಕ್ತಿ ಇರೋದು ಮಾಡಿಸಿಕೊಳ್ಳುವವರ ಮನಸ್ಸಿನಲ್ಲೇ, ಹೇಳುವ ಮಾತಿಗೆ ಅವರು ಒಪ್ಪುವುದರಲ್ಲಿ ಅಂದ. ಬದುಕಿದ್ದಾಗ ನಗೆಪಾಟಲಾಗಿ 1819ರಲ್ಲಿ ಸತ್ತ. ಆಮೇಲೆ ಅವನು ಹೇಳಿದ್ದೇ ಸರಿ ಅಂತಾಯ್ತು. ಪ್ರತಿಮೆ 1945ರದ್ದು, ಮಾಡಿದವರು ಗೋವಾದವರೇ ಆದ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತ್. ಹಿಂದಿನಿಂದಲೂ ಒಂದು ಸುತ್ತು ಹಾಕಿ ನೋಡಿ, ಬಟ್ಟೆಯ ಮಡಿಕೆಗಳಲ್ಲೇ ಬೀಳುವ ವೇಗ ಇದೆ.

ಹತ್ತಿರದಲ್ಲೇ ಆಜಾದ್ ಮೈದಾನದ ಪಕ್ಕ ಮೆನೆಜೆಸ್ ಬ್ರಗಾಂಜಾ ಸಂಸ್ಥೆಯ ಕಟ್ಟಡ. ಬಾಗಿಲಲ್ಲೇ ಗೋಡೆ ತುಂಬ ನೀಲಿ-ಬಿಳಿ ಟೈಲ್ಸ್ ಚಿತ್ರ, ಪೋರ್ಚುಗೀಸರು ಸಮುದ್ರ ದಾಟಿ ಬಂದ ಕಥೆ. ಒಂದು ಚಿತ್ರಕ್ಕೆ ಹತ್ತಾರು ಟೈಲ್ಸ್, ಹತ್ತಿರ ಹೋದರೆ ಕುಂಚದ ಗೀರು ಒಂದರಿಂದ ಇನ್ನೊಂದಕ್ಕೆ ಕೂಡುವ ಜಾಗ ಕಾಣುತ್ತೆ. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿ ಮಲಗಿರುವಾಗ ತಂಪಾಗಿ ನಿಲ್ಲಲು ಒಳ್ಳೇ ಜಾಗ.

ಮತ್ತೆ, ಫೆರಿ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ದಂಡೆಯಿಂದ ಆಚೆ ಬೆತಿಂಗೆ ಹೋಗುವ ಸರ್ಕಾರಿ ಫೆರಿ, ನಡೆದು ಹತ್ತುವವರಿಗೆ ದುಡ್ಡಿಲ್ಲ. ದುಬಾರಿ ಸಂಜೆ ಬೋಟಿನಲ್ಲಿ ಹಾಡು ಹಚ್ಚಿ ಕುಣಿಸುತ್ತಾರೆ, ಫೆರಿಯಲ್ಲಿ ಆಫೀಸಿನಿಂದ ಮನೆಗೆ ಹೋಗುವವರ ಜೊತೆ ನಿಂತು ಅದೇ ನದಿ ನೋಡಬಹುದು. ಆಚೆ ಇಳಿದು ಬಸ್ಸೋ ಕಾಲ್ನಡಿಗೆಯೋ ಮಾಡಿ ರೇಶ್ ಮಾಗೂಶ್ ಕೋಟೆಗೆ ಹೋಗಿ. 1551ರಲ್ಲಿ ಕಟ್ಟಿದ ಸಣ್ಣ ಕೋಟೆ, ಬಹಳ ಕಾಲ ಜೈಲಾಗಿತ್ತು. ರಿಪೇರಿ ಮಾಡಿ 2012ರಲ್ಲಿ ಜನರಿಗೆ ತೆರೆದರು. ಒಳಗೆ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಬಿಡಿಸಿದ ಚಿತ್ರಗಳಿವೆ. ಮೇಲೆ ನಿಂತರೆ ಎದುರು ದಂಡೆಯ ಪಣಜಿ ಪೂರ್ತಿ ಕಾಣುತ್ತದೆ. ನವಲಗುಂದದ ಅಣ್ಣ, ನದಿ ಸಮುದ್ರಕ್ಕೆ ಬೀಳುವ ಬಾಯಿ ಅಲ್ಲಿಂದ ಕಂಡಷ್ಟು ಚೆನ್ನಾಗಿ ಮಿರಾಮಾರ್‌ನಿಂದ ಕಾಣಲ್ಲ.

ಹಳೇ ಲಾರಿ, ಹುಬ್ಬಳ್ಳಿ

ನೀವೆಲ್ಲ ಫೆರಿ ಅಂದ್ರೆ ಮೋಜು ಅಂತೀರಿ. ನಮಗೆ ಅದು ಶಿಕ್ಷೆಯಾಗಿತ್ತು. ನಾನು ಹುಬ್ಬಳ್ಳಿಯಿಂದ ಮಾಪುಸಾಕ್ಕೆ ಈರುಳ್ಳಿ ಲೋಡ್ ಹೊಡೀತಿದ್ದೆ. 1986ರ ಜುಲೈ 5ಕ್ಕೆ ಮಾಂಡೋವಿ ಸೇತುವೆ ಬಿತ್ತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಮಳೆಗಾಲ ಬೇರೆ, ಹೊಳೆ ತುಂಬಿ ಹರೀತಿತ್ತು. ಆಚೆ ಹೋಗಬೇಕಾದ ಲಾರಿಗಳೆಲ್ಲ ಸಾಲು ನಿಂತವು. ಈರುಳ್ಳಿ ಮೊಳಕೆ ಬರೋ ವಾಸನೆ ಕ್ಯಾಬಿನ್ ತನಕ ಬರ್ತಿತ್ತು. ಹೊಸ ಸೇತುವೆ ಆಗಿದ್ದು 1992ರಲ್ಲಿ, ಅಲ್ಲಿ ತನಕ ನಮ್ಮ ಬಾಳು ಫೆರಿಯ ಕೈಯಲ್ಲಿತ್ತು. ಈಗ 2019ರಿಂದ ತಂತಿ ಸೇತುವೆ ಅಟಲ್ ಸೇತು ಬೇರೆ ಬಂದಿದೆ, ಹತ್ತಿದ್ದೇ ತಿಳಿಯಲ್ಲ. ಅದರ ಮೇಲೆ ನಡೆಯೋಕೆ ಬಿಡಲ್ಲ, ಬೈಕಿಗೂ ಇಲ್ಲ, ಅದನ್ನು ನಿಮ್ಮ ವಾಕಿಂಗ್ ಪಟ್ಟಿಗೆ ಸೇರಿಸಬೇಡಿ.

ಕರಿ ಮಣ್ಣು, ನವಲಗುಂದ

ಕಾಕಾ, ಆ ಸಾಲಿನಲ್ಲಿ ನಿಂತಾಗ ಊಟಕ್ಕೆ ಏನು ಮಾಡ್ತಿದ್ರಿ?

ಹಳೇ ಲಾರಿ, ಹುಬ್ಬಳ್ಳಿ

ಲಾರಿ ಕೆಳಗಿನ ನೆರಳಲ್ಲೇ ಸ್ಟವ್ ಹಚ್ಚಿ ಅನ್ನ ಸಾರು. ಈರುಳ್ಳಿಗೆ ಕೊರತೆ ಇರಲಿಲ್ಲ ನೋಡಪ್ಪಾ.

ಕೆಂಪು ಮೆಣಸಿನಕಾಯಿ, ಬ್ಯಾಡಗಿ

ಸರಿ, ಬಿಯರ್ ವಿಷಯ ಬಿಟ್ಟೆ. ನಾವು ನಾಲ್ಕು ಜನ ಶನಿವಾರ ರಾತ್ರಿ ಹೊರಡೋಣ ಅಂತಿದ್ದೇವೆ, ಭಾನುವಾರ ನಡೆದು ರಾತ್ರಿ ವಾಪಸ್. ಯಾವ ತಿಂಗಳು ಒಳ್ಳೇದು?

ಉಣಕಲ್ ವಾಕರ್, ಹುಬ್ಬಳ್ಳಿ

ನವೆಂಬರ್‌ನಿಂದ ಫೆಬ್ರವರಿ. ಡಿಸೆಂಬರ್ 8ರ ಹೊತ್ತಿಗೆ ಹೋದರೆ ಚರ್ಚ್ ಚೌಕದಲ್ಲಿ ಜಾತ್ರೆ ಇರುತ್ತೆ. ಮಾರ್ಚ್ ಆದಮೇಲೆ ಬೇಡ. ನಮ್ಮ ಬಿಸಿಲು ಒಣ ಬಿಸಿಲು, ಅಲ್ಲಿ ಗಾಳಿಯಲ್ಲೇ ನೀರು, ಅಂಗಿ ಒಣಗೋದೇ ಇಲ್ಲ.

ಭಾನುವಾರ ಮಾತ್ರ ಬೇಡ. ಅರ್ಧ ಊರು ಬಾಗಿಲು ಹಾಕಿರುತ್ತೆ, ಚರ್ಚ್‌ನಲ್ಲಿ ಪ್ರಾರ್ಥನೆ ನಡೀತಿರುತ್ತೆ, ಮಾರ್ಕೆಟ್ ಮಂಕು. ಭಾನುವಾರ ರಾತ್ರಿ ಹೊರಟು ಸೋಮವಾರ ನಡೆಯಿರಿ. ರಾತ್ರಿ ಬಸ್ಸಿನ ಟಿಕೆಟ್ ಎರಡೂ ಕಡೆಯದ್ದು ಮೊದಲೇ ಮಾಡಿಸಿ, ವಾಪಸ್ ಬರುವಾಗ ಸೀಟು ಸಿಗದೆ ಒದ್ದಾಡುವವರೇ ಜಾಸ್ತಿ. ಚಪ್ಪಲಿ ಬೇಡ, ಶೂ ಹಾಕಿ. ಬ್ಯಾಗ್ ಹಗುರ ಇರಲಿ.

ಬಣ್ಣದ ಬ್ರಷ್, ರೋಣ (ಈಗ ಪಣಜಿ)

ಸೋಮವಾರ ಬಂದರೆ ಬೆಳಿಗ್ಗೆ ಔರೆಮ್ ಕಾಲುವೆ ಹತ್ತಿರ ನಾವು ಕೆಲಸಕ್ಕೆ ನಿಂತಿರ್ತೀವಿ. ಕನ್ನಡದಲ್ಲಿ ಕೂಗಿ, ಚಹಾ ಕುಡಿಸ್ತೀವಿ.

ಅಕ್ಕನ ಡಬ್ಬಿ, ಕೇಶ್ವಾಪುರ

ಬರಿಗೈಯಲ್ಲಿ ಹೋಗಬೇಡ್ರಪ್ಪಾ, ಆ ಹುಡುಗರಿಗೆ ಒಂದಿಷ್ಟು ರೊಟ್ಟಿ, ಚಟ್ನಿಪುಡಿ ಕಟ್ಟಿಸಿಕೊಂಡು ಹೋಗಿ.

ಕೆಂಪು ಮೆಣಸಿನಕಾಯಿ, ಬ್ಯಾಡಗಿ

ಆಯ್ತು ಅಕ್ಕ, ಖಾರದ ಪುಡಿ ನಮ್ಮೂರದ್ದೇ. ಸೋಮವಾರಕ್ಕೆ ರಜೆ ಹಾಕ್ತೀವಿ. ನಮ್ಮ ಸಾಹೇಬರು ಈ ಥ್ರೆಡ್ ಓದದಿದ್ದರೆ ಸಾಕು.